ಕೋಟಿ ಏರಿತು, ಪಾಲು ಇಳಿಯಿತು

ಸರ್ಕಾರಿ ಶಾಲೆಗಳಿಗೆ ಮೀಸಲಿಟ್ಟ ಮೊತ್ತ ಪ್ರತಿ ಬಜೆಟ್‌ನಲ್ಲೂ ಹಿಂದಿನದಕ್ಕಿಂತ ದೊಡ್ಡದು. ಆದರೂ ಸೋರುವ ಕೊಠಡಿ, ಖಾಲಿ ಇರುವ ಶಿಕ್ಷಕರ ಹುದ್ದೆ, ದಾನಿಗಳ ದಾರಿ ಕಾಯುವ ಮುಖ್ಯೋಪಾಧ್ಯಾಯರು ಹಾಗೆಯೇ ಇದ್ದಾರೆ. ಹಣ ಹೋಗುತ್ತಿರುವುದೆಲ್ಲಿಗೆ?

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಮಂಡಿಸಿದರು. ಗಾತ್ರ ₹4,09,549 ಕೋಟಿ. ಕರ್ನಾಟಕದ ಬಜೆಟ್ ನಾಲ್ಕು ಲಕ್ಷ ಕೋಟಿ ದಾಟಿದ್ದು ಅದೇ ಮೊದಲು. ಇಲಾಖಾವಾರು ಹಂಚಿಕೆಯ ಪಟ್ಟಿಯಲ್ಲಿ ಶಿಕ್ಷಣ ಎಲ್ಲಕ್ಕಿಂತ ಮೇಲಿತ್ತು: ₹45,286 ಕೋಟಿ. ಮರುದಿನದ ಪತ್ರಿಕೆಗಳಲ್ಲಿ ‘ಶಿಕ್ಷಣಕ್ಕೆ ಸಿಂಹಪಾಲು’ ಎಂದು ಓದಿದವರಿಗೆ ಸಮಾಧಾನವಾಗಿದ್ದರೆ ಅದು ಸಹಜ.

ಆದರೆ ಒಂದು ವರ್ಷದ ಮೊತ್ತವನ್ನು ಒಂಟಿಯಾಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಮೂರು ಬಜೆಟ್‌ಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. 2022–23ರಲ್ಲಿ ರಾಜ್ಯದ ಬಜೆಟ್ ₹2,65,720 ಕೋಟಿ, ಅದರಲ್ಲಿ ಶಿಕ್ಷಣಕ್ಕೆ ₹31,980 ಕೋಟಿ. ಅಂದರೆ ಶೇ 12. 2023–24ರ ಜುಲೈ ಬಜೆಟ್‌ನಲ್ಲಿ ₹3,27,747 ಕೋಟಿಯಲ್ಲಿ ₹37,587 ಕೋಟಿ. ಪಾಲು ಶೇ 11.5. 2024–25ರಲ್ಲಿ ₹3,71,383 ಕೋಟಿಯಲ್ಲಿ ₹44,422 ಕೋಟಿ. ಪಾಲು ಮತ್ತೆ ಶೇ 12ರ ಹತ್ತಿರ. 2025–26ರಲ್ಲಿ ಅದು ಶೇ 11ಕ್ಕೆ ಇಳಿಯಿತು.

ಮೂರು ವರ್ಷಗಳಲ್ಲಿ ಶಿಕ್ಷಣದ ಮೊತ್ತ ಸುಮಾರು ಶೇ 42ರಷ್ಟು ಬೆಳೆದಿದೆ. ಅದೇ ಅವಧಿಯಲ್ಲಿ ಒಟ್ಟು ಬಜೆಟ್ ಬೆಳೆದದ್ದು ಶೇ 54. ಕೊನೆಯ ಒಂದು ವರ್ಷವನ್ನೇ ತೆಗೆದುಕೊಂಡರೆ ಚಿತ್ರ ಇನ್ನೂ ಕಟುವಾಗಿದೆ: ಒಟ್ಟು ಬಜೆಟ್ ಶೇ 10ರಷ್ಟು ಹಿಗ್ಗಿದಾಗ ಶಿಕ್ಷಣಕ್ಕೆ ಸೇರಿದ್ದು ₹864 ಕೋಟಿ, ಅಂದರೆ ಶೇ 2ಕ್ಕೂ ಕಡಿಮೆ. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಅದು ಏರಿಕೆಯೇ ಅಲ್ಲ. ಹಿಂದಿನ ವರ್ಷದ ಪಾಲನ್ನು ಹಾಗೆಯೇ ಉಳಿಸಿಕೊಂಡಿದ್ದರೂ ಶಿಕ್ಷಣಕ್ಕೆ ಸುಮಾರು ₹3,700 ಕೋಟಿ ಹೆಚ್ಚು ಬರುತ್ತಿತ್ತು.

ದೇಶದ ಎಲ್ಲ ರಾಜ್ಯಗಳ ಸರಾಸರಿ ನೋಡಿದರೆ, ಅವು ತಮ್ಮ ಬಜೆಟ್‌ನ ಶೇ 14ರಿಂದ 15ರಷ್ಟನ್ನು ಶಿಕ್ಷಣಕ್ಕೆ ಕೊಡುತ್ತವೆ. ದೆಹಲಿ ಕಳೆದ ದಶಕದಲ್ಲಿ ಶೇ 20ಕ್ಕೂ ಹೆಚ್ಚು ಕೊಟ್ಟಿದೆ. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಬೀಗುವ ರಾಜ್ಯವೊಂದು ಆ ಸರಾಸರಿಗಿಂತ ಕೆಳಗೆ ನಿಂತಿರುವುದು ನಾವೆಲ್ಲ ತಲೆಕೆಡಿಸಿಕೊಳ್ಳಬೇಕಾದ ಸಂಗತಿ.

ಅರವತ್ತು ವರ್ಷ ಹಳೆಯ ವಾಗ್ದಾನ

ಶಿಕ್ಷಣಕ್ಕೆ ಎಷ್ಟು ಕೊಟ್ಟರೆ ಸಾಕು? ಈ ಪ್ರಶ್ನೆಗೆ ದೇಶ ಉತ್ತರ ಬರೆದುಕೊಂಡು ಆರು ದಶಕಗಳಾದವು. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಆಯೋಗ 1966ರಲ್ಲಿ ಕೊಟ್ಟ ವರದಿ, ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಬೇಕು ಎಂದಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಒಪ್ಪಿತು, 1986ರ ನೀತಿ ಮತ್ತೆ ಹೇಳಿತು, 2020ರ ನೀತಿ ಇನ್ನೊಮ್ಮೆ ಬರೆಯಿತು. ಕೇಂದ್ರ ಮತ್ತು ರಾಜ್ಯಗಳು ಸೇರಿ ಮಾಡುವ ವೆಚ್ಚ ಆರ್ಥಿಕ ಸಮೀಕ್ಷೆಯ ಲೆಕ್ಕದಲ್ಲಿ ಇಂದಿಗೂ ಜಿಡಿಪಿಯ ಶೇ 3ಕ್ಕಿಂತ ಕೆಳಗಿದೆ. ಬೇರೆ ಬೇರೆ ಇಲಾಖೆಗಳು ತರಬೇತಿ, ವಿದ್ಯಾರ್ಥಿನಿಲಯಗಳಿಗೆ ಮಾಡುವ ಖರ್ಚನ್ನೂ ಕೂಡಿಸುವ ಶಿಕ್ಷಣ ಸಚಿವಾಲಯದ ಲೆಕ್ಕದಲ್ಲಿ ಶೇ 4ನ್ನು ದಾಟುತ್ತದೆ. ಯಾವ ಲೆಕ್ಕ ಹಿಡಿದರೂ ಆರು ಇನ್ನೂ ದೂರವೇ ಇದೆ.

1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ತಂದಿತು. ನೀತಿ ರೂಪಿಸುವ ಅಧಿಕಾರದಲ್ಲಿ ಕೇಂದ್ರಕ್ಕೆ ಪಾಲು ಸಿಕ್ಕಿತು. ಶಾಲೆ ನಡೆಸುವ ಭಾರದ ಬಹುಪಾಲು ರಾಜ್ಯಗಳ ಹೆಗಲ ಮೇಲೇ ಉಳಿಯಿತು. 2001ರ ಹೊತ್ತಿಗೆ ಶುರುವಾದ ಸರ್ವ ಶಿಕ್ಷಾ ಅಭಿಯಾನದ ಮೊದಲ ವರ್ಷಗಳಲ್ಲಿ ಕೇಂದ್ರ ಶೇ 85ರಷ್ಟು ಕೊಡುತ್ತಿತ್ತು. ನಂತರ ಅದು 75 ಆಯಿತು, 65 ಆಯಿತು, 2015–16ರಿಂದ 60ಕ್ಕೆ ನಿಂತಿತು. 2018ರಲ್ಲಿ ಹಲವು ಯೋಜನೆಗಳನ್ನು ಒಟ್ಟುಗೂಡಿಸಿ ‘ಸಮಗ್ರ ಶಿಕ್ಷಾ’ ಮಾಡಿದಾಗಲೂ ಕರ್ನಾಟಕದಂಥ ರಾಜ್ಯಗಳಿಗೆ 60:40ರ ಅನುಪಾತವೇ ಮುಂದುವರಿಯಿತು. ಯೋಜನೆಯ ಹೆಸರು ದೆಹಲಿಯದು, ಖರ್ಚಿನಲ್ಲಿ ರಾಜ್ಯದ ಪಾಲು ಏರುತ್ತಲೇ ಬಂದಿದೆ.

ಇದಕ್ಕೆ ಎದುರಾಗಿ ರಾಜ್ಯದ ಬೊಕ್ಕಸಕ್ಕೆ ಕೇಂದ್ರದಿಂದ ಬರುವ ಪಾಲು ಕುಗ್ಗಿತು. 14ನೇ ಹಣಕಾಸು ಆಯೋಗದ ಅವಧಿಯಲ್ಲಿ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಇನ್ನು ಶಿಕ್ಷಣದ ಹೆಸರಿನಲ್ಲೇ ವಸೂಲಾಗುವ ಸೆಸ್ ಇದೆ. 2004ರಲ್ಲಿ ಶೇ 2ರಿಂದ ಆರಂಭವಾಗಿ, 2007ರಲ್ಲಿ ಇನ್ನೊಂದು ಸೇರಿ, ಈಗ ಆರೋಗ್ಯದ ಜೊತೆಗೂಡಿ ಶೇ 4 ಆಗಿದೆ. ಸೆಸ್ ರಾಜ್ಯಗಳಿಗೆ ಹಂಚಬೇಕಾದ ತೆರಿಗೆಯ ಗಂಟಿನೊಳಗೆ ಬರುವುದೇ ಇಲ್ಲ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಒಂದು ದಶಕದಲ್ಲಿ ವಸೂಲಾದ ₹80 ಸಾವಿರ ಕೋಟಿಗೂ ಹೆಚ್ಚು ಸೆಸ್‌ಗೆ ಪ್ರತ್ಯೇಕ ನಿಧಿಯನ್ನೇ ಮಾಡಿರಲಿಲ್ಲ ಎಂದು ಮಹಾಲೇಖಪಾಲರು 2017ರಲ್ಲಿ ಎತ್ತಿ ತೋರಿಸಿದರು.

ಸಂಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದೂ ಇಲ್ಲಿಗೇ. 2020–21ರಲ್ಲಿ ಸಮಗ್ರ ಶಿಕ್ಷಾಕ್ಕೆ ಮೀಸಲಿಟ್ಟ ₹38,751 ಕೋಟಿಯನ್ನು ಪರಿಷ್ಕೃತ ಅಂದಾಜಿನಲ್ಲಿ ₹27,957 ಕೋಟಿಗೆ ಇಳಿಸಲಾಯಿತು. ಕೋವಿಡ್‌ನಲ್ಲಿ ಸಂಪಾದನೆ ಕಳೆದುಕೊಂಡ ಕುಟುಂಬಗಳು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಶಾಲೆಗೆ ಕರೆತಂದ ಕಾಲವದು. ‘ಅಸರ್’ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದಲ್ಲಿ ಸರ್ಕಾರಿ ಶಾಲೆಗಳ ದಾಖಲಾತಿ 2018ರಲ್ಲಿ ಶೇ 65.6 ಇದ್ದದ್ದು 2022ಕ್ಕೆ ಶೇ 72.9ಕ್ಕೆ ಏರಿತ್ತು. 2024ಕ್ಕೆ ಶೇ 66.8ಕ್ಕೆ ಮರಳಿತು. ತಾವಾಗಿಯೇ ಬಾಗಿಲಿಗೆ ಬಂದ ಮಕ್ಕಳನ್ನು ಉಳಿಸಿಕೊಳ್ಳುವ ಅವಕಾಶ ನಮ್ಮ ಕೈಯಲ್ಲಿತ್ತು. ಉಳಿಸಿಕೊಳ್ಳಲಿಲ್ಲ.

ಸಂಬಳದ ಸಾಲು, ಅತಿಥಿಗಳ ಸಾಲು

ಶಿಕ್ಷಣ ಇಲಾಖೆಯ ಬಜೆಟ್‌ನಲ್ಲಿ ಅತಿ ದೊಡ್ಡ ಭಾಗ ಸಂಬಳದಂಥ ಬದ್ಧ ವೆಚ್ಚ. ಇದನ್ನು ಹೇಳುವಾಗ ಕೆಲವರು ಮೂಗು ಮುರಿಯುತ್ತಾರೆ. ಅದು ತಪ್ಪು. ಶಾಲೆ ಎಂದರೆ ಶಿಕ್ಷಕರು. ಒಳ್ಳೆಯ ಶಿಕ್ಷಕರು ಬೇಕೆಂದರೆ ಒಳ್ಳೆಯ ಸಂಬಳ ಕೊಡಲೇಬೇಕು. ಗಮನಿಸಬೇಕಾದ ಸಂಗತಿ ಬೇರೆ ಇದೆ. 2024ರ ಆಗಸ್ಟ್‌ನಿಂದ ರಾಜ್ಯದ 7ನೇ ವೇತನ ಆಯೋಗದ ಶಿಫಾರಸಿನಂತೆ ಸರ್ಕಾರಿ ನೌಕರರ ವೇತನ ಪರಿಷ್ಕರಣೆಯಾಯಿತು. ಇಂಥ ಪರಿಷ್ಕರಣೆ ನಡೆದಾಗಲೆಲ್ಲ ಶಿಕ್ಷಣದ ಮೊತ್ತ ತಾನಾಗಿ ಮೇಲೇರುತ್ತದೆ. ಒಬ್ಬನೇ ಒಬ್ಬ ಹೊಸ ಶಿಕ್ಷಕ ಬಾರದಿದ್ದರೂ ಏರುತ್ತದೆ. ಹೀಗಾಗಿ ‘ಶಿಕ್ಷಣಕ್ಕೆ ಹೆಚ್ಚು ಹಣ’ ಎಂಬ ಮಾತು ಕೇಳಿದಾಗ ತರಗತಿಯಲ್ಲಿ ನಿಂತವರ ಸಂಖ್ಯೆ ಹೆಚ್ಚಾಯಿತೇ ಎಂದು ಕೇಳಬೇಕು.

ಆ ಸಂಖ್ಯೆ ಹೆಚ್ಚಿದ್ದ ಕಾಲವನ್ನು ಕರ್ನಾಟಕ ಕಂಡಿದೆ. 1913ರಲ್ಲೇ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿತು. ವಿಶ್ವೇಶ್ವರಯ್ಯ ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಶಾಲೆಗಳ ಸಂಖ್ಯೆ ಎರಡು ಪಟ್ಟಿಗೂ ಮೀರಿತು. 1990ರ ದಶಕದ ಕೊನೆಯಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ನಡೆಯಿತು. ಅಂಕಪಟ್ಟಿಯ ಆಧಾರದ ಮೇಲೆ, ಲಂಚದ ಮಾತಿಲ್ಲದೆ ನೌಕರಿ ಸಿಕ್ಕಿತೆಂದು ಬಡ ರೈತರ, ಕೂಲಿಕಾರರ ಮನೆಯ ಮಕ್ಕಳು ಇಂದಿಗೂ ಅವರನ್ನು ನೆನೆಯುತ್ತಾರೆ. ಹಳ್ಳಿಯ ಎಷ್ಟೋ ಸರ್ಕಾರಿ ಶಾಲೆಗಳು ಕಾಲು ಶತಮಾನ ನಿಂತದ್ದು ಆ ನೇಮಕಾತಿಯ ಬಲದಿಂದ. ಆ ತಲೆಮಾರಿನ ಹಿರಿಯರು ಈಗ ಅರವತ್ತರ ಅಂಚಿಗೆ ಬಂದಿದ್ದಾರೆ, ಸಾಲುಸಾಲಾಗಿ ನಿವೃತ್ತಿಯಾಗುತ್ತಿದ್ದಾರೆ.

ಅವರ ಜಾಗಕ್ಕೆ ಬಂದವರು ಬಹಳ ಕಡೆ ಅತಿಥಿ ಶಿಕ್ಷಕರು. 2025–26ನೇ ಸಾಲಿಗೆ ರಾಜ್ಯ ಸರ್ಕಾರ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಸುಮಾರು 51 ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ಕೊಟ್ಟಿತು. ಖಾಲಿ ಹುದ್ದೆಗಳ ಗಾತ್ರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ ₹10 ಸಾವಿರ, ಪ್ರೌಢಶಾಲೆಯಲ್ಲಿ ₹10,500 ಇದ್ದ ಗೌರವಧನಕ್ಕೆ 2025ರ ಬಜೆಟ್ ₹2,000 ಸೇರಿಸಿತು. ಕಾಯಂ ಶಿಕ್ಷಕರ ಕೆಲಸವನ್ನೇ ಮಾಡುವ ಬಿ.ಇಡಿ. ಪದವೀಧರರಿಗೆ ಸಿಗುವುದು ಅವರ ಸಂಬಳದ ಒಂದು ತುಣುಕು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಆತಂಕದಲ್ಲಿರುವವರನ್ನೇ ನಾವು ಮಕ್ಕಳ ಭವಿಷ್ಯಕ್ಕೆ ಹೊಣೆ ಮಾಡಿದ್ದೇವೆ. ಬಜೆಟ್ ಭಾಷೆಯಲ್ಲಿ ಇದು ಉಳಿತಾಯ. ತರಗತಿಯಲ್ಲಿ ಇದು ನಷ್ಟ.

ಕಾಯಂ ನೇಮಕವೂ ಸಲೀಸಾಗಿ ನಡೆಯುವುದಿಲ್ಲ. 6ರಿಂದ 8ನೇ ತರಗತಿಗೆ 15 ಸಾವಿರ ಪದವೀಧರ ಶಿಕ್ಷಕರ ನೇಮಕಕ್ಕೆ 2022ರಲ್ಲಿ ಹೊರಟ ಪ್ರಕ್ರಿಯೆ ಕೋರ್ಟು ಕಚೇರಿ ಅಲೆದು ಮುಗಿಯಲು ವರ್ಷಗಳೇ ಹಿಡಿದವು. ಹುದ್ದೆ ಖಾಲಿ ಇರುವಷ್ಟು ಕಾಲ ಆ ಸಂಬಳ ಸರ್ಕಾರಕ್ಕೆ ಉಳಿಯುತ್ತದೆ. ಅದರ ಬೆಲೆಯನ್ನು ಅತಿ ಹೆಚ್ಚು ತೆತ್ತವರು ಕಲ್ಯಾಣ ಕರ್ನಾಟಕದ ಮಕ್ಕಳು. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಅತ್ಯಂತ ಹಿಂದುಳಿದವು 39, ಅವುಗಳಲ್ಲಿ ಹೆಚ್ಚಿನವು ಈ ಭಾಗದವು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಬಂದು ದಶಕ ಕಳೆದರೂ ಶಿಕ್ಷಕರ ಕೊರತೆ ಅಲ್ಲೇ ಹೆಚ್ಚು.

ಶಾಲೆಯ ಕೈಗೆ ಬರುವ ಹಣ

ಈಗ ವಿಧಾನಸೌಧ ಬಿಟ್ಟು ಶಾಲೆಯ ಕಡೆಯಿಂದ ಲೆಕ್ಕ ನೋಡೋಣ. ಶಾಲೆಯೊಂದು ತನ್ನ ವಿವೇಚನೆಯಿಂದ ಖರ್ಚು ಮಾಡಬಹುದಾದ ಹಣ ಮುಖ್ಯವಾಗಿ ಸಮಗ್ರ ಶಿಕ್ಷಾದ ಸಂಯುಕ್ತ ಅನುದಾನ. ಅದು ಮಕ್ಕಳ ಸಂಖ್ಯೆಗೆ ತಕ್ಕಂತೆ ನಿಗದಿಯಾಗಿದೆ: 30 ಮಕ್ಕಳವರೆಗೆ ವರ್ಷಕ್ಕೆ ₹10 ಸಾವಿರ, 100ರವರೆಗೆ ₹25 ಸಾವಿರ, 250ರವರೆಗೆ ₹50 ಸಾವಿರ, ಸಾವಿರದವರೆಗೆ ₹75 ಸಾವಿರ, ಅದಕ್ಕೂ ಮೇಲ್ಪಟ್ಟರೆ ₹1 ಲಕ್ಷ.

ಅರವತ್ತು ಮಕ್ಕಳ ಒಂದು ಹಳ್ಳಿ ಶಾಲೆಗೆ ಈ ಲೆಕ್ಕದಲ್ಲಿ ₹25 ಸಾವಿರ. ಮಗುವಿಗೆ ವರ್ಷಕ್ಕೆ ₹417. ಶಾಲೆ ನಡೆಯುವ 220 ದಿನಕ್ಕೆ ಹಂಚಿದರೆ ದಿನಕ್ಕೆ ಎರಡು ರೂಪಾಯಿಯೂ ಇಲ್ಲ. ಸೀಮೆಸುಣ್ಣ, ರಿಜಿಸ್ಟರು, ಒಡೆದ ಹೆಂಚು, ಕೆಟ್ಟ ಮೋಟರು, ಇಂಟರ್‌ನೆಟ್ ಬಿಲ್ಲು, ಪ್ರಯೋಗದ ಸಾಮಗ್ರಿ ಎಲ್ಲವೂ ಇದರಲ್ಲೇ ಆಗಬೇಕು. ಹತ್ತನೇ ಒಂದು ಭಾಗವನ್ನು ಸ್ವಚ್ಛತೆಗೆ ಎತ್ತಿಡಬೇಕೆಂಬ ನಿಯಮವೂ ಇದೆ. ಹಾಗೆಂದರೆ ವರ್ಷವಿಡೀ ಶೌಚಾಲಯ ತೊಳೆಸಲು ₹2,500. ಹೆಣ್ಣುಮಕ್ಕಳು ಶಾಲೆಯ ಶೌಚಾಲಯ ಬಳಸಲು ಹಿಂಜರಿಯುವುದೇಕೆಂದು ಇನ್ನೊಂದು ಸಮೀಕ್ಷೆ ನಡೆಸುವ ಅಗತ್ಯವಿಲ್ಲ.

ನೂರು ಮಕ್ಕಳೊಳಗಿನ ಶಾಲೆಗೆ ₹25 ಸಾವಿರ ಎಂದು ನಿಗದಿಯಾದದ್ದು 2018ರಲ್ಲಿ. ವರ್ಷಕ್ಕೆ ಶೇ 5ರಷ್ಟು ಬೆಲೆ ಏರಿದೆ ಎಂದುಕೊಂಡರೂ ಏಳು ವರ್ಷದ ನಂತರ ಆ ಹಣಕ್ಕೆ ಉಳಿಯುವುದು ₹18 ಸಾವಿರಕ್ಕಿಂತ ಕಡಿಮೆ ಬೆಲೆ. ಜೊತೆಗೆ ಹಣ ಬರುವ ಸಮಯದ ತೊಂದರೆ ಬೇರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಬೇಕಾದ ಅನುದಾನ ವರ್ಷದ ಕೊನೆಯ ತಿಂಗಳುಗಳಲ್ಲಿ ಬಿಡುಗಡೆಯಾದರೆ ಮಾರ್ಚ್ 31ರೊಳಗೆ ಖರ್ಚು ತೋರಿಸುವ ಧಾವಂತ ಶುರುವಾಗುತ್ತದೆ. ಅಷ್ಟರವರೆಗೆ ಮುಖ್ಯೋಪಾಧ್ಯಾಯರು ತಮ್ಮ ಜೇಬಿನಿಂದ ಹಾಕಿರುತ್ತಾರೆ, ಇಲ್ಲವೇ ಊರಿನ ಅಂಗಡಿಯಲ್ಲಿ ಸಾಲ ಹೇಳಿರುತ್ತಾರೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್‌ಡಿಎಂಸಿ) 2001ರಲ್ಲಿ ಕಟ್ಟಿದಾಗ ಉದ್ದೇಶ ದೊಡ್ಡದಿತ್ತು. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ ಪಾಲಕರೇ ಶಾಲೆಯ ಉಸ್ತುವಾರಿ ವಹಿಸಬೇಕಿತ್ತು. ಸಮಿತಿ ಬಂತು, ಸಭೆ ಬಂತು, ನಡಾವಳಿ ಪುಸ್ತಕ ಬಂತು. ನಿರ್ಧಾರ ಮಾಡುವಷ್ಟು ಹಣ ಮಾತ್ರ ಬರಲಿಲ್ಲ. ಇಂದು ಎಸ್‌ಡಿಎಂಸಿ ಅಧ್ಯಕ್ಷರ ಮುಖ್ಯ ಕೆಲಸ ಬಹಳ ಕಡೆ ದಾನಿಗಳನ್ನು ಹುಡುಕುವುದು. ಹಳೆ ವಿದ್ಯಾರ್ಥಿಗಳು ಬಣ್ಣ ಬಳಿಸುತ್ತಾರೆ, ಬೆಂಗಳೂರಿನ ಕಂಪನಿಯೊಂದು ಕೊಠಡಿ ಕಟ್ಟಿಸುತ್ತದೆ, ಊರವರು ಕಾಂಪೌಂಡ್ ಹಾಕಿಸುತ್ತಾರೆ. ಈ ಪ್ರೀತಿಗೆ ಕೈಮುಗಿಯಬೇಕು. ಆದರೆ ಅಮೆರಿಕದಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿ ಇರುವ ಊರಿಗೆ ಸ್ಮಾರ್ಟ್ ಬೋರ್ಡ್ ಬರುತ್ತದೆ, ಹಳೆ ವಿದ್ಯಾರ್ಥಿಗಳೆಲ್ಲ ಕೂಲಿಗೆ ಗುಳೆ ಹೋದ ಊರಿಗೆ ಏನೂ ಬರುವುದಿಲ್ಲ. ಆ ಅಂತರ ತುಂಬಲಿಕ್ಕೇ ಸರ್ಕಾರ ಇರುವುದು.

2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಎಂದು ಘೋಷಣೆಯಾದದ್ದು ಈ ಕಾರಣಕ್ಕೇ ನಿಜವಾಗಿಯೂ ದೊಡ್ಡ ಹೆಜ್ಜೆ. ಇಡೀ ಬಜೆಟ್‌ನಲ್ಲಿ ಅದು ಸಣ್ಣ ಮೊತ್ತ. ವಿದ್ಯುತ್ ಬಿಲ್ಲಿಗೆ ಹೆದರಿ ಕಂಪ್ಯೂಟರ್‌ಗೆ ಬಟ್ಟೆ ಹೊದಿಸಿಟ್ಟ ಶಾಲೆಗೆ ಮಾತ್ರ ಅದು ದೊಡ್ಡದು.

ತಟ್ಟೆಯ ಲೆಕ್ಕ

ಶಾಲೆಯ ಹಣ ಮಗುವಿಗೆ ನೇರವಾಗಿ ತಲುಪುವ ಜಾಗ ಬಿಸಿಯೂಟದ ತಟ್ಟೆ. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ, ಆಮೇಲೆ ಬಂದ ಮೊಟ್ಟೆ ಎಲ್ಲವೂ ಹಸಿದ ಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತದು ಎಂಬ ಅರಿವಿನಿಂದ ಹುಟ್ಟಿದವು. ಇಲ್ಲೂ ದರದ ಕಥೆ ಒಂದೇ. ಧಾನ್ಯ ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಉರುವಲಿಗೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ ಕೇಂದ್ರ ಮತ್ತು ರಾಜ್ಯ ಸೇರಿ ನಿಗದಿಪಡಿಸಿದ್ದು 2022ರ ಅಕ್ಟೋಬರ್‌ನಲ್ಲಿ ₹5.45. ಎರಡು ವರ್ಷಕ್ಕೂ ಹೆಚ್ಚು ಕಾಲ ಅದೇ ದರ. 2025ರ ಮೇನಿಂದ ₹6.78. ಅಡುಗೆಯವರಿಗೆ ಕೇಂದ್ರದ ಯೋಜನೆ ಗೊತ್ತುಮಾಡಿದ ಮಾಸಿಕ ಗೌರವಧನ ₹1,000. ಅದು 2009ರಿಂದ ಒಂದು ರೂಪಾಯಿಯೂ ಏರಿಲ್ಲ. ರಾಜ್ಯ ತನ್ನ ಕೈಯಿಂದ ಸೇರಿಸುತ್ತ ಬಂದಿದೆ, 2025ರ ಬಜೆಟ್‌ನಲ್ಲಿ ಮತ್ತೆ ₹1,000 ಹೆಚ್ಚಿಸಿತು. ಆದರೂ ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ಹೆಣ್ಣುಮಗಳ ದಿನದ ದುಡಿಮೆ ನರೇಗಾ ಕೂಲಿಯ ಹತ್ತಿರವೂ ಬರುವುದಿಲ್ಲ.

ಮೊಟ್ಟೆಯ ವಿಷಯದಲ್ಲಿ ವಾರಕ್ಕೆ ಎರಡು ದಿನದ ಖರ್ಚು ಸರ್ಕಾರದ್ದು. ಉಳಿದ ನಾಲ್ಕು ದಿನದ್ದು 2024ರ ಒಪ್ಪಂದದಂತೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ. ಅದು ಉದಾತ್ತ ಕೊಡುಗೆ. ನಾಲ್ಕು ಲಕ್ಷ ಕೋಟಿಯ ಬಜೆಟ್ ಇರುವ ರಾಜ್ಯ ಒಪ್ಪಂದ ಮುಗಿದ ಮರುದಿನ ಆ ನಾಲ್ಕು ಮೊಟ್ಟೆಗೆ ಹಣ ಎಲ್ಲಿಂದ ತರುತ್ತದೆಂದು ಈಗಲೇ ಯೋಚಿಸಬೇಕು.

ತಲಾ ವೆಚ್ಚವೆಂಬ ಮಾಯೆ

ಸರ್ಕಾರಗಳು ಹೆಮ್ಮೆಯಿಂದ ಹೇಳುವ ಇನ್ನೊಂದು ಅಂಕಿಯಿದೆ: ಪ್ರತಿ ಮಗುವಿಗೆ ಮಾಡುವ ವೆಚ್ಚ. ಅದು ಏರುತ್ತಿರುವುದು ನಿಜ. ಏರುವ ಬಗೆಯನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ಒಂದು ಶಾಲೆಯ ಇಬ್ಬರು ಶಿಕ್ಷಕರ ವಾರ್ಷಿಕ ಸಂಬಳ ಒಟ್ಟು ₹15 ಲಕ್ಷ ಎಂದಿಟ್ಟುಕೊಳ್ಳೋಣ. ಮಕ್ಕಳು 60 ಇದ್ದರೆ ತಲಾ ₹25 ಸಾವಿರ. ನಲವತ್ತು ಮಕ್ಕಳು ಶಾಲೆ ಬಿಟ್ಟು 20 ಉಳಿದರೆ ತಲಾ ₹75 ಸಾವಿರ. ಶಾಲೆಯಲ್ಲಿ ಏನೂ ಸುಧಾರಿಸಿಲ್ಲ, ಮಕ್ಕಳು ಹೋಗಿದ್ದಾರೆ. ಅಂಕಿ ಮೂರು ಪಟ್ಟು ಹಿಗ್ಗಿದೆ. ಆಮೇಲೆ ಅದೇ ಅಂಕಿಯನ್ನು ಹಿಡಿದು ‘ಇಷ್ಟು ಖರ್ಚು ಮಾಡಿಯೂ ಉಪಯೋಗವಿಲ್ಲ, ಶಾಲೆ ವಿಲೀನ ಮಾಡೋಣ’ ಎಂಬ ವಾದ ಹೊರಡುತ್ತದೆ.

ಮಕ್ಕಳು ಏಕೆ ಹೋದರು? ಐದು ತರಗತಿಗೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಗಣತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಉಳಿದವರು ಒಬ್ಬರು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ತರಗತಿಗೊಬ್ಬ ಶಿಕ್ಷಕ, ಎಲ್‌ಕೆಜಿಯಿಂದ ಇಂಗ್ಲಿಷ್, ಮನೆ ಬಾಗಿಲಿಗೆ ವ್ಯಾನು ಇರುವ ಕಡೆಗೆ ಪಾಲಕರು ಹೋದರೆ ಅವರನ್ನು ದೂರುವುದು ಹೇಗೆ? ಅದಕ್ಕೆ ಅವರು ತೆರುವ ಬೆಲೆಯೂ ಸಣ್ಣದಲ್ಲ. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಕುಟುಂಬ ಮಾಡುವ ಸರಾಸರಿ ವಾರ್ಷಿಕ ಖರ್ಚು ₹2,863. ಸರ್ಕಾರೇತರ ಶಾಲೆಯಲ್ಲಿ ₹25,002. ಸರ್ಕಾರ ಕೈಬಿಟ್ಟ ವೆಚ್ಚ ಎಲ್ಲಿಯೂ ಮಾಯವಾಗಿಲ್ಲ. ಅದು ಅಡವಿಟ್ಟ ಒಡವೆಯಾಗಿ, ಸ್ವಸಹಾಯ ಸಂಘದ ಸಾಲವಾಗಿ ಬಡ ಮನೆಗೆ ವರ್ಗಾವಣೆಯಾಗಿದೆ. ಅದೇ ಸಮೀಕ್ಷೆಯಂತೆ ದೇಶದ ಶೇ 56ರಷ್ಟು ವಿದ್ಯಾರ್ಥಿಗಳು ಇನ್ನೂ ಸರ್ಕಾರಿ ಶಾಲೆಗಳಲ್ಲೇ ಇದ್ದಾರೆ.

ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದಿನ ಆಲೋಚನೆ ಒಳ್ಳೆಯದು. 2018–19ರಲ್ಲಿ ಆರಂಭವಾದ ಈ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣ. ತರಗತಿಗೊಬ್ಬ ಶಿಕ್ಷಕ, ಪ್ರಯೋಗಾಲಯ, ಗ್ರಂಥಾಲಯ ಸಿಗಬಲ್ಲವು. ಎಲ್ಲೆಲ್ಲಿ ಚೆನ್ನಾಗಿ ನಡೆಯುತ್ತಿವೆಯೋ ಅಲ್ಲಿ ದಾಖಲಾತಿಗೆ ಪಾಲಕರು ಸಾಲುಗಟ್ಟುತ್ತಾರೆ. ಒಳ್ಳೆಯ ಸರ್ಕಾರಿ ಶಾಲೆಯನ್ನು ಜನ ಒಲ್ಲೆನ್ನುವುದಿಲ್ಲ ಎಂಬುದಕ್ಕೆ ಅದೇ ರುಜುವಾತು. ಆದರೆ ಇವುಗಳಿಗೆ ಹಣ ಸುತ್ತಲಿನ ಸಣ್ಣ ಶಾಲೆಗಳನ್ನು ಮುಚ್ಚಿ ಬರಬಾರದು. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುವುದು ಕಾನೂನಿನ ಮಾತು. ಮಲೆನಾಡಿನ ಒಂಟಿಮನೆಗಳಿಗೆ, ಕಲ್ಯಾಣ ಕರ್ನಾಟಕದ ತಾಂಡಾಗಳಿಗೆ ಶಾಲೆ ದೂರವಾದರೆ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. 2006–07ರಿಂದ ಎಂಟನೇ ತರಗತಿಯ ಹುಡುಗಿಯರನ್ನು ಪ್ರೌಢಶಾಲೆಗೆ ಕರೆದೊಯ್ದ ಸೈಕಲ್ ಯೋಜನೆಯೂ ಕೋವಿಡ್‌ನೊಂದಿಗೆ ನಿಂತುಹೋಯಿತು.

ಕೇಳಬೇಕಾದ್ದು ಏನು?

ಹಣವೊಂದೇ ಕಲಿಕೆಯನ್ನು ತರುವುದಿಲ್ಲ, ನಿಜ. ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿಯಂಥ ಪ್ರಯೋಗ ಕಡಿಮೆ ಖರ್ಚಿನಲ್ಲೂ ತರಗತಿಯ ಸ್ವರೂಪವನ್ನೇ ಬದಲಿಸಬಹುದೆಂದು ತೋರಿಸಿತು. ಆದರೆ ಅದರ ಪ್ರಾಣ ತರಬೇತಾದ, ಉತ್ಸಾಹವಿರುವ, ನಾಳೆಯೂ ಅಲ್ಲೇ ಇರುವ ಶಿಕ್ಷಕಿ. ಆ ಶಿಕ್ಷಕಿ ಬೇಕೆಂದರೆ ಹಣ ಬೇಕು. ಸರ್ಕಾರದ ಗ್ಯಾರಂಟಿ ಯೋಜನೆಗಳ ವಿರುದ್ಧ ಶಾಲೆಯನ್ನು ನಿಲ್ಲಿಸುವ ವಾದವೂ ನ್ಯಾಯದ್ದಲ್ಲ. 2025–26ರಲ್ಲಿ ಗ್ಯಾರಂಟಿಗಳಿಗೆ ಮೀಸಲಾದ ₹51,034 ಕೋಟಿಯಲ್ಲಿ ದೊಡ್ಡ ಭಾಗ ಸೇರುವುದು ಸರ್ಕಾರಿ ಶಾಲೆಯ ಮಕ್ಕಳ ತಾಯಂದಿರಂಥ ಹೆಣ್ಣುಮಕ್ಕಳ ಕೈಗೇ. ಅವರ ಕೈಗೆ ತಿಂಗಳಿಗೆ ಎರಡು ಸಾವಿರ ಕೊಟ್ಟು ಅವರ ಮಗುವಿನ ಶಾಲೆಯನ್ನು ಸೊರಗಲು ಬಿಟ್ಟರೆ ಆ ಎರಡು ಸಾವಿರ ಖಾಸಗಿ ಶಾಲೆಯ ಶುಲ್ಕಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ನಡೆದರೆ ಮಾತ್ರ ಎರಡಕ್ಕೂ ಅರ್ಥ.

ಹಾಗಾಗಿ ಬೇಡಿಕೆ ಸ್ಪಷ್ಟವಾಗಿರಲಿ. ಶಿಕ್ಷಣದ ಪಾಲು ರಾಜ್ಯಗಳ ಸರಾಸರಿಯನ್ನಾದರೂ ಮುಟ್ಟಬೇಕು. ಶೇ 15 ಎಂದರೆ 2025–26ರ ಗಾತ್ರದಲ್ಲಿ ಇನ್ನೂ ₹16 ಸಾವಿರ ಕೋಟಿ. ಒಂದೇ ವರ್ಷದಲ್ಲಿ ಆಗದು, ವರ್ಷಕ್ಕೆ ಒಂದು ಪ್ರತಿಶತದಂತೆ ನಾಲ್ಕು ಬಜೆಟ್‌ಗಳಲ್ಲಿ ಆಗಬಲ್ಲದು. ನಿವೃತ್ತಿಯ ಪಟ್ಟಿ ಮೊದಲೇ ಗೊತ್ತಿರುವುದರಿಂದ ನೇಮಕದ ವೇಳಾಪಟ್ಟಿಯೂ ಮೊದಲೇ ಸಿದ್ಧವಾಗಬೇಕು, ಪ್ರತಿ ವರ್ಷ ನಡೆಯಬೇಕು. ಶಾಲಾ ಅನುದಾನ ಮತ್ತು ಬಿಸಿಯೂಟದ ದರ ನೌಕರರ ತುಟ್ಟಿಭತ್ಯೆಯಂತೆ ಬೆಲೆ ಏರಿಕೆಯ ಜೊತೆ ತಾನಾಗಿ ಏರಬೇಕು. ಶಾಲೆಯ ಹಣ ಶಾಲೆ ತೆರೆಯುವ ಮೊದಲು ಖಾತೆಗೆ ಬೀಳಬೇಕು. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದು ಪ್ರತಿ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು.

ಇವ್ಯಾವುವೂ ಹೊಸ ಕಾನೂನು ಬೇಡುವುದಿಲ್ಲ. ಕೇಳುವವರು ಬೇಕು, ಅಷ್ಟೆ. ರಸ್ತೆ ಹಾಳಾದರೆ ಶಾಸಕರ ಕಾರು ತಡೆಯುವ ಊರು, ಗಣಿತದ ಮೇಷ್ಟ್ರ ಹುದ್ದೆ ಮೂರು ವರ್ಷ ಖಾಲಿ ಇದ್ದರೆ ಸುಮ್ಮನಿರುತ್ತದೆ. ಆ ಮೌನವನ್ನು ಸರ್ಕಾರಗಳು ಓದಿಕೊಂಡಿವೆ. ಶೇ 12 ಶೇ 11ಕ್ಕೆ ಇಳಿದಾಗ ಯಾರೂ ಬೀದಿಗಿಳಿಯುವುದಿಲ್ಲವೆಂದು ಅವಕ್ಕೆ ಗೊತ್ತು. ಮುಂದಿನ ಬಜೆಟ್ ಬಂದಾಗ ಎಷ್ಟು ಕೋಟಿ ಎಂದು ಕೇಳುವುದರ ಜೊತೆಗೆ ನೂರರಲ್ಲಿ ಎಷ್ಟು, ನಮ್ಮೂರ ಶಾಲೆಗೆ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ, ಮತ ಕೇಳಲು ಬಂದವರ ಮುಂದೆ ಕೇಳೋಣ. ಉತ್ತರ ಬರುವವರೆಗೂ ಕೇಳೋಣ.